ಅಮೀನ ಮಾದಪ್ಪನ ಕನ್ನಡ

ಮೈಸೂರಿನ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ರಜೆಗೆ ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಎರಡು ಕೆಲಸ ತಪ್ಪದೆ ಮಾಡುತ್ತಾಳೆ. ಅಮ್ಮನ ಸಾರಿಗೆ ಉಪ್ಪು ಕಡಿಮೆ ಎನ್ನುವುದು ಒಂದು. ಅಪ್ಪನ ಕನ್ನಡ ತಿದ್ದುವುದು ಇನ್ನೊಂದು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಗೆಳತಿಯ ಎದುರಿಗೇ ನಾನು, "ನೀವಿಬ್ರೂ ಮುಂದಕ್ಕೋಗಿ ಕೂತ್ಕಳಿ, ಇಂದೆ ಕುಲುಕು ಜಾಸ್ತಿ" ಎಂದುಬಿಟ್ಟೆ. ಮಗಳ ಮುಖ ಕೆಂಪಾಯಿತು.

"ಅಪ್ಪಾ, ಇಂದೆ ಅಲ್ಲ, ಹಿಂದೆ. ಹ, ಹ! ಬಾಯಿಂದ ಸ್ವಲ್ಪ ಗಾಳಿ ಬಿಡಪ್ಪ."

ಬಿಟ್ಟೆ. ಬರೀ ಗಾಳಿಯೇ ಬಂತು.

ನೀವೂ ನಗುತ್ತಿದ್ದರೆ ನಗಿ, ನನಗೆ ಬೇಸರವಿಲ್ಲ. ನನ್ನ ಮನೆಮಾತು ತಮಿಳು. ಹುಟ್ಟಿದ್ದು ತಂಜಾವೂರು ಸೀಮೆಯಲ್ಲಿ, ಕಾವೇರಿಯ ಒಂದು ಕಾಲುವೆಯ ದಡದಲ್ಲಿ. ಕನ್ನಡ ಬರೆಯುವುದನ್ನು ಪುಸ್ತಕ ನೋಡಿ ಕಲಿತವನಾದ್ದರಿಂದ ಬರೆದರೆ ಹಕಾರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಮಾತಾಡುವುದನ್ನು ಕಲಿಸಿದವನು ಮಾತ್ರ ಅಮೀನ ಮಾದಪ್ಪ. ಮುನ್ಸೀಫ್ ಕೋರ್ಟಿನ ಸಮನ್ಸುಗಳನ್ನು ಊರೂರಿಗೆ ಒಯ್ದು ಜಾರಿ ಮಾಡುವುದು ಅವನ ಕೆಲಸ. ಅವನ ಬಾಯಲ್ಲಿ ಹಕಾರವೇ ಇರಲಿಲ್ಲ. ಗುರುವಿಗೆ ಇಲ್ಲದ್ದು ಶಿಷ್ಯನಿಗೆ ಎಲ್ಲಿಂದ ಬರಬೇಕು?

ವಕೀಲನಾಗುವ ಲಕ್ಷಣ ನನ್ನಲ್ಲಿ ಎಳವೆಯಲ್ಲೇ ಕಂಡಿತ್ತೆಂದು ನಮ್ಮ ತಂದೆ ಹೇಳುತ್ತಿದ್ದರು. ಒಮ್ಮೆ ನನ್ನ ತಮ್ಮ ಪಕ್ಕದ ಮನೆಯ ಮಾವಿನಕಾಯಿ ಕದ್ದು ಸಿಕ್ಕಿಬಿದ್ದ. ಅವನ ಪರವಾಗಿ ನಾನು ಎದ್ದುನಿಂತು, ಕೊಂಬೆ ನಮ್ಮ ಹಿತ್ತಿಲಿಗೆ ಚಾಚಿದೆ, ಆದ್ದರಿಂದ ಕಾಯಿ ನಮ್ಮದು, ಇವನು ಕದ್ದದ್ದು ನಮ್ಮದನ್ನೇ ಎಂದು ವಾದಿಸಿದೆ. ವಾದ ಕೇಳಿದ ತಂದೆ ತಮ್ಮನಿಗೆ ಎರಡು ಏಟು ಹೆಚ್ಚಿಗೆ ಹಾಕಿದರು. ಆದರೂ ನನ್ನನ್ನು ಮದ್ರಾಸಿಗೆ ಕಳಿಸಿ ಲಾ ಓದಿಸಿದರು. ತಮ್ಮ ಮಾತ್ರ ಇಂದಿಗೂ ತನ್ನ ಯಾವ ದಾವೆಯನ್ನೂ ನನಗೆ ಕೊಟ್ಟಿಲ್ಲ.

ಓದು ಮುಗಿಸಿ ಬಂದರೆ ನಮ್ಮ ಕಡೆ ಆಗಲೇ ಬೀದಿಗೆ ನಾಲ್ಕು ವಕೀಲರು. ಸೋದರಮಾವನ ಸ್ನೇಹಿತರೊಬ್ಬರು ಕೊಳ್ಳೇಗಾಲದಲ್ಲಿ ದೊಡ್ಡ ವಕೀಲರಾಗಿದ್ದರು, ಅವರಿಗೊಬ್ಬ ಜೂನಿಯರ್ ಬೇಕಿತ್ತು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಕೊಯಮತ್ತೂರು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು. ಅಂದಮೇಲೆ ಜನ ತಮಿಳಿನಲ್ಲದೆ ಇನ್ನೇತರಲ್ಲಿ ಮಾತಾಡಿಯಾರು? ಇದು ನನ್ನ ತರ್ಕ. ದಿಂಬಂ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ತಗಡಿನ ಟ್ರಂಕಿನ ಜೊತೆ ಇಲ್ಲಿ ಇಳಿದ ದಿನವೇ ತರ್ಕ ಮುರಿದುಬಿತ್ತು. ಕಾಫಿ ಕೇಳಿದರೆ ಹೋಟೆಲಿನವನು ತಮಿಳಿನಲ್ಲೇ ಉತ್ತರ ಕೊಟ್ಟ, ನಿಜ. ಆದರೆ ಕಾಫಿ ಕುಡಿಯುವವರು ದಾವೆ ಹೂಡುವುದಿಲ್ಲ. ಹನೂರು, ಅಜ್ಜೀಪುರ, ಸತ್ತೇಗಾಲಗಳಿಂದ ಬುತ್ತಿ ಕಟ್ಟಿಕೊಂಡು ಕೋರ್ಟಿಗೆ ಬರುವ ಒಕ್ಕಲು ಜನರ ಮಾತು ಕನ್ನಡ. ಅದೂ ನಾನು ಅವಸರದಲ್ಲಿ ಕೊಂಡ ಪುಸ್ತಕದಲ್ಲಿ ಕಾಣದ ಕನ್ನಡ.

ಕಾಣದಿದ್ದರೇನು, ತಿಳಿದವನಂತೆ ತಲೆಯಾಡಿಸಬಹುದಲ್ಲ? ಹಾಗೆಯೇ ಮಾಡಿದೆ. ತಲೆಯಾಡಿಸುವುದರಲ್ಲಿ ನಾನು ಪ್ರವೀಣನಾಗಿದ್ದೆ.

ಅಂಥ ದಿನಗಳಲ್ಲಿ ಅಜ್ಜೀಪುರದ ಮಲ್ಲಪ್ಪ ಎಂಬ ಸಣ್ಣ ಹಿಡುವಳಿಯ ರೈತ ಬಂದ. ಊರಿನ ಹಳ್ಳದ ಪಕ್ಕದ ಒಂದು ಪಟ್ಟೆ ಹೊಲ ತನ್ನದೆಂದು ನೆರೆಯವನು ಅವನ ಮೇಲೆ ದಾವೆ ಹಾಕಿದ್ದ. ಸೀನಿಯರ್ ಬೇರೆ ಕೆಲಸದಲ್ಲಿದ್ದರು. ಹೇಳಿಕೆ ಬರೆದುಕೊಳ್ಳುವಂತೆ ನನಗೆ ಹೇಳಿದರು. ಮಲ್ಲಪ್ಪ ಕೈ ಬೀಸಿಕೊಂಡು ಬಿಡದೆ ಮಾತಾಡಿದ. ನಾನು ತಲೆಯಾಡಿಸುತ್ತ ಬರೆದುಕೊಂಡೆ. ಅವನು ಹೇಳಿದ್ದು, "ನಂದು ಅಳ್ಳದಾಚೆ ಸಾ." ಅಂದರೆ ಹಳ್ಳದ ಆಚೆಗಿರುವ ಹೊಲ ತನ್ನದು. ನನ್ನ ಕಿವಿಗೆ ಬಿದ್ದದ್ದು, "ನಂದು ಅಲ್ಲ, ಆಚೆ." ಆಚೆಯದು ತನ್ನದಲ್ಲವಂತೆ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದೆ. ಜೂನಿಯರ್ ವಿಚಾರಿಸಿಯೇ ಬರೆದಿರುತ್ತಾನೆಂದು ಸೀನಿಯರ್ ನಂಬಿದರು. ವಕೀಲರು ಬರೆದದ್ದು ಸರಿಯೇ ಇರುತ್ತದೆಂದು ಮಲ್ಲಪ್ಪ ಹೆಬ್ಬೆಟ್ಟು ಒತ್ತಿದ.

ವಿಚಾರಣೆಯ ದಿನ ಎದುರು ಪಕ್ಷದ ವಕೀಲರು ನಾವು ಸಲ್ಲಿಸಿದ್ದ ಹೇಳಿಕೆಯ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿ ಕುಳಿತುಬಿಟ್ಟರು. ಪ್ರತಿವಾದಿಯೇ ತನ್ನದಲ್ಲವೆಂದು ಒಪ್ಪಿದಮೇಲೆ ಇನ್ನು ವಾದವೇನಿದೆ? ಅವನು ಹೇಳಿದ್ದು ಹಳ್ಳವೆಂದು ನನಗೆ ಆಗ ಹೊಳೆಯಿತು. ಸೀನಿಯರ್ ಕಿವಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ತಮಿಳಿನಲ್ಲಿ ಪಿಸುಗುಟ್ಟಿದರು: "ಬಾಯಿ ಬಿಡಬೇಡ. ಬಂದು ಆರು ತಿಂಗಳಾಗಿಲ್ಲ. ಕಕ್ಷಿದಾರನ ಮಾತು ತಿಳಿಯದ ವಕೀಲನೆಂದು ಹೆಸರು ಬಂದರೆ ಇಲ್ಲಿ ನಿನ್ನ ಕಥೆ ಮುಗಿಯಿತು."

ನಾನು ಬಾಯಿ ಬಿಡಲಿಲ್ಲ. ಮಲ್ಲಪ್ಪನ ಹೊಲ ಹೋಯಿತು.

ಕೋರ್ಟಿನ ಹೊರಗೆ ಹುಣಸೆಮರದ ಕೆಳಗೆ ಅವನು ನನ್ನ ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇಂಗ್ಲೀಸ್ನಲ್ಲಿ ಏನ್ ಬರ್ದಿದ್ರೋ ನಂಗೇನ್ ಗೊತ್ತು ಸಾ. ನಾ ಯೋಳಿದ್ದು ಅಳ್ಳದಾಚೆ ಅಂತ. ನಿಮ್ಮಾತು ನಂಗೆ ತಿಳೀನಿಲ್ಲ ಕಣಪ್ಪ ಅಂತ ಒಂದ್ ಮಾತ್ ಅಂದಿದ್ರೆ, ನೆಲದ್ ಮ್ಯಾಲೆ ಗೀಟು ಎಳ್ದು ತೋರುಸ್ತಿದ್ನಲ್ಲ."

ಅಷ್ಟು ಹೇಳಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹನೂರಿನ ಬಸ್ಸಿಗೆ ಹೊರಟುಹೋದ. ಅಪೀಲಿಗೂ ಬರಲಿಲ್ಲ.

ಮಾರನೆಯ ಬೆಳಗ್ಗೆ ನಾನು ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ಬಂದೆ. ಊರಿಗೆ ವಾಪಸು ಹೋಗಿ, ತಮಿಳು ಮಾತಾಡುವ ಜನರ ಹೊಲಗಳನ್ನೇ ಕಳೆಯೋಣವೆಂದು. ಸತ್ಯಮಂಗಲದ ಬಸ್ಸು ಇನ್ನೂ ಬಂದಿರಲಿಲ್ಲ. ಅಮೀನ ಮಾದಪ್ಪ ಸಮನ್ಸಿನ ಚೀಲ ನೇತುಹಾಕಿಕೊಂಡು ಅಲ್ಲೇ ನಿಂತಿದ್ದ. ಕೋರ್ಟಿನ ಕಾರಿಡಾರಿನಲ್ಲಿ ನೋಡಿ ಪರಿಚಯ, ಅಷ್ಟೆ. ನಾನು ಮಾತಾಡಿಸದೆಯೇ ಅವನು ತನ್ನ ಹರುಕು ತಮಿಳಿನಲ್ಲಿ ಎಲ್ಲಿಗೆಂದು ಕೇಳಿದ. ನಾನು ನನ್ನ ಮುರುಕು ಕನ್ನಡದಲ್ಲಿ ಊರಿಗೆಂದೆ. ನಿನ್ನೆಯ ಸಂಗತಿ ಅವನಿಗೆ ಹೇಗೋ ತಿಳಿದಿತ್ತು. ಕೋರ್ಟಿನಲ್ಲಿ ಅಮೀನರಿಗೆ ತಿಳಿಯದ್ದು ಯಾವುದೂ ಇಲ್ಲ.

"ಓದ್ರೆ ಓದ ಒಲ ಬಂದದಾ ಸಾ?" ಎಂದ. ಹೋದರೆ, ಹೋದ ಹೊಲ ಬರುತ್ತದೆಯೇ ಎಂದು.

ನಾನು ಬಸ್ಸು ಬರುವ ದಾರಿ ನೋಡಿದೆ.

"ನಾ ಇವತ್ತು ಅನೂರ್ ಕಡೀಕೆ ಓಯ್ತಾ ಇವ್ನಿ. ಟ್ರಂಕ ಆ ಸೋಡಾ ಅಂಗ್ಡೀಲಿ ಮಡುಗ್ಬುಟ್ಟು ಬನ್ನಿ. ಅಳ್ಳ ಅಂದ್ರೆ ಏನು ಅಂತ ತೋರುಸ್ತೀನಿ. ನೋಡ್ಬುಟ್ಟು ಆಮ್ಯಾಕೆ ಎಲ್ಲಿಗ್ ಬೇಕಾರೂ ಓಗಿ."

ಏಕೆ ಹೋದೆನೆಂದು ಈಗಲೂ ತಿಳಿಯದು. ಟ್ರಂಕನ್ನು ಸೋಡಾ ಅಂಗಡಿಯಲ್ಲಿಟ್ಟು ಅವನ ಹಿಂದೆ ಬಸ್ಸು ಹತ್ತಿದೆ. ಹನೂರಿನಲ್ಲಿ ಇಳಿದು, ಬಿಸಿಲಲ್ಲಿ ಎರಡು ಮೈಲಿ ನಡೆಸಿ, ನೀರಿಲ್ಲದ ಒಂದು ಮರಳಿನ ಹಳ್ಳದ ನಡುವೆ ನನ್ನನ್ನು ನಿಲ್ಲಿಸಿ, "ಇದೇಯ ಅಳ್ಳ. ಯೋಳಿ" ಎಂದ. ನಾನು ಹೇಳಿದೆ. "ಅಂಗಲ್ಲ, ನಾಲ್ಗೆ ಮಡ್ಚಿ." ಮತ್ತೆ ಹೇಳಿದೆ. ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು, ಕರಿಕೋಟಿನ ಮನುಷ್ಯ ಹಳ್ಳದಲ್ಲಿ ನಿಂತು "ಅಳ್ಳ, ಅಳ್ಳ" ಎನ್ನುವುದನ್ನು ಕಂಡು, ಯಾರಿಗೋ ಗಾಳಿ ಮೆಟ್ಟಿಕೊಂಡಿದೆಯೆಂದು ಬೇರೆ ದಾರಿ ಹಿಡಿದಳು.

ಆಮೇಲೆ ಮೂರು ವರ್ಷ ಕೋರ್ಟಿನ ರಜೆಗಳಲ್ಲೆಲ್ಲ ನಾನು ಅವನ ಜೊತೆ ತಿರುಗಿದೆ. ಯಾರ ಬದುವಿನ ಮೇಲೆ ನಿಂತರೂ, ಇದಕ್ಕೇನನ್ನುತ್ತೀರಿ, ಅದಕ್ಕೇನನ್ನುತ್ತೀರಿ ಎಂದು ಕೇಳಿ ಬರೆದುಕೊಳ್ಳುವುದು. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುವುದು. ಈ ಎರಡನೆಯದನ್ನು ಕಲಿಯಲು ಕನ್ನಡಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಸತ್ತೇಗಾಲದ ಹತ್ತಿರ ಮೊದಲ ಸಲ ಕಾವೇರಿ ಕಂಡಾಗ, ಇದು ನಮ್ಮೂರಿಗೂ ಬರುವ ನೀರೆಂದು ಮಾದಪ್ಪನಿಗೆ ಹೇಳಿದೆ. "ನೀರು ಆ ಕಡೀಕೆ ಓಯ್ತದೆ, ನೀವು ಈ ಕಡೀಕೆ ಬಂದ್ರಿ. ಎದ್ರುಗೆ ಈಜೋರ್ಗೆ ಅದೇ ಕಷ್ಟ ಕಣ್ರಿ" ಎಂದ.

ಸರ್ಕಾರಿ ವಕೀಲನ ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ಕನ್ನಡ ಪರೀಕ್ಷೆ ಪಾಸಾಗಬೇಕೆಂದರು. ಬರವಣಿಗೆ ಸಲೀಸಾಗಿ ಮುಗಿಯಿತು. ಬಾಯಿಪರೀಕ್ಷೆಗೆ ಮಂಗಳೂರಿನ ಕಡೆಯ ವಯಸ್ಸಾದ ಪಂಡಿತರು ಕೂತಿದ್ದರು. "ಹಳ್ಳಿಯಲ್ಲಿ ಒಬ್ಬನಿಗೆ ಹಾವು ಕಚ್ಚಿದರೆ ಏನು ಮಾಡುತ್ತೀರಿ?" ಎಂದು ಕೇಳಿದರು. ನಾನು ಹುರುಪಿನಿಂದ, "ಆವು ಕಚ್ಚುದ್ರೆ ಮೊದ್ಲು ಬಿಗ್ಯಾಗಿ ಅಗ್ಗ ಕಟ್ಬೇಕು ಸ್ವಾಮಿ" ಎಂದೆ. ಪಂಡಿತರು ಕನ್ನಡಕ ತೆಗೆದು ಒರೆಸಿದರು. "ಇದು ಯಾವ ಪಾಠಶಾಲೆಯ ಕನ್ನಡ?" ಎಂದರು. ಇದ್ದದ್ದನ್ನು ಹೇಳಿದೆ. ಬಹಳ ಹೊತ್ತು ನಕ್ಕು, "ನನ್ನ ಕನ್ನಡದಿಂದ ನಿಮ್ಮ ಸಾಕ್ಷಿಗಳಿಗೆ ಪ್ರಯೋಜನವಿಲ್ಲ. ಹೋಗಿ, ಪಾಸು" ಎಂದರು.

ಸರ್ಕಾರಿ ವಕೀಲನಾಗಿ ಕಳೆದ ವರ್ಷಗಳಲ್ಲಿ ಹೆಚ್ಚಿನವು ಪಾನನಿಷೇಧದ ಕೇಸುಗಳು. ನಮ್ಮದು ಮದ್ರಾಸು, ಇಲ್ಲಿ ಕುಡಿಯುವಂತಿಲ್ಲ. ಪಕ್ಕದ ಯಳಂದೂರು ಮೈಸೂರು ಮಹಾರಾಜರದು, ಅಲ್ಲಿ ಹೆಂಡದಂಗಡಿ ಬಾಗಿಲು ತೆರೆದೇ ಇರುತ್ತಿತ್ತು. ನಮ್ಮವರು ಗಡಿ ದಾಟಿ ಹೋಗಿ ಕುಡಿದು, ಗಡಿ ದಾಟಿ ಬಂದು ಬೀಳುತ್ತಿದ್ದರು. ಹಾಗೆ ಸಿಕ್ಕ ಒಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸಿ, "ಕುಡಿದಿದ್ದೆಯೋ ಇಲ್ಲವೋ?" ಎಂದು ಗರ್ಜಿಸಿದೆ. ಅವನು ಕೈ ಮುಗಿದು, "ಕುಡ್ದದ್ದು ಮಾರಾಜ್ರು ಸೀಮೇಲಿ ಸಾ. ಅಮಲು ಇಲ್ ಬಂದು ಏರ್ಕತ್ತು. ಅದ್ಕೆ ನಾನೇನ್ ಮಾಡ್ಲಿ?" ಎಂದ. ಮ್ಯಾಜಿಸ್ಟ್ರೇಟರು ಮುಖಕ್ಕೆ ಕಾಗದ ಅಡ್ಡ ಹಿಡಿದರು. ಕಾನೂನು ನನ್ನ ಕಡೆಗಿತ್ತು, ನಗು ಪೂರ್ತಿ ಅವನ ಕಡೆಗೆ.

ಆ ಕೆಲಸ ಬಿಟ್ಟು ನಾನು ರೇಷ್ಮೆ ಕಂಪನಿಯೊಂದಕ್ಕೆ ಸೇರಿದ್ದು ಫ್ಯಾನಿನ ಆಸೆಗೆ ಎಂದು ನನ್ನ ಹೆಂಡತಿ ಕಮಲಾ ಹೇಳುತ್ತಾಳೆ. ಪೂರ್ತಿ ಸುಳ್ಳಲ್ಲ. ಯಳಂದೂರು ರಸ್ತೆಯ ಆ ಕಾರ್ಖಾನೆಯಲ್ಲಿ ನನಗೆ ಪ್ರತ್ಯೇಕ ಕೋಣೆ, ಗಾಜು ಹಾಸಿದ ಮೇಜು, ನೆತ್ತಿಯ ಮೇಲೆ ತಿರುಗುವ ಫ್ಯಾನು. ರೇಷ್ಮೆಗೂಡಿನ ಕರಾರು ಬರೆಯಲು ಹನೂರಿಗೋ ಅಗರಕ್ಕೋ ಹೋಗಬೇಕಾದರೆ ಕಂಪನಿಯ ಜೀಪು. ಮೈಸೂರಿನಲ್ಲಿ ಓದಬೇಕೆಂದು ಹಟ ಹಿಡಿದ ಮಗಳು ಬೇರೆ ಇದ್ದಳು. ಒಂದೇ ತೊಂದರೆ ವಾಸನೆ. ಬೇಯಿಸಿದ ಗೂಡಿನ ವಾಸನೆ ಕೋಟಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಕಮಲಾ ನನ್ನ ಕೋಟನ್ನು ಹೊಸಲೊಳಗೆ ತರಲು ಬಿಡುತ್ತಿರಲಿಲ್ಲ, ಹಿತ್ತಿಲ ನುಗ್ಗೆಮರಕ್ಕೆ ನೇತುಹಾಕಿಸುತ್ತಿದ್ದಳು.

ಆ ಕಾರ್ಖಾನೆಯಲ್ಲಿ ನೂಲು ಬಿಚ್ಚುವವರೆಲ್ಲ ಹೆಂಗಸರು. ಕುದಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಿ ತೆಗೆಯುವ ಕೆಲಸ. ಅಗರದಿಂದ ದಿನವೂ ನಡೆದು ಬರುತ್ತಿದ್ದ ರಾಚಮ್ಮ ಎಂಬವಳ ತೊಟ್ಟಿಗೆ ಆವಿ ಬಿಡುವ ಕಿಂಡಿ ಒಂದು ದಿನ ಕಟ್ಟಿಕೊಂಡಿತು. ಅವಳು ಅದರೊಳಗೆ ಕೈ ಹಾಕಿದಾಗ ಆವಿ ನುಗ್ಗಿ ಬಲಗೈ ಬೆಂದುಹೋಯಿತು. ವಾಸಿಯಾದಮೇಲೂ ಮೂರು ಬೆರಳು ಮಡಚಲು ಬರಲಿಲ್ಲ. ಎಳೆ ಹಿಡಿಯುವ ಬೆರಳುಗಳೇ ಅವು.

ಅವಳು ಪರಿಹಾರ ಕೇಳಿ ಅರ್ಜಿ ಕೊಟ್ಟಳು. ಕಂಪನಿಯ ಉತ್ತರ ಬರೆದವನು ನಾನೇ. ಆವಿ ನಿಲ್ಲಿಸದೆ ತೊಟ್ಟಿಗೆ ಕೈ ಹಾಕಬಾರದೆಂದು ಗೋಡೆಯ ಮೇಲೆ ಬೋರ್ಡು ಇದೆ. ನಿಯಮ ಮೀರಿ ಬೇಕೆಂದೇ ಕೈ ಹಾಕಿದವರಿಗೆ ಕಂಪನಿ ಹೊಣೆಯಲ್ಲ. ಕಾನೂನಿನ ಪ್ರಕಾರ ಉತ್ತರ ಚೆನ್ನಾಗಿತ್ತು. ಅದನ್ನು ಬರೆದಮೇಲೆ ಒಮ್ಮೆ ಎದ್ದು ಹೋಗಿ ಬೋರ್ಡು ನೋಡಿದೆ. ಇಂಗ್ಲಿಷಿನಲ್ಲಿತ್ತು, ತಮಿಳಿನಲ್ಲಿತ್ತು. ಆ ಎರಡೂ ಒಕ್ಕಣೆ ನನ್ನದೇ, ಕೆಲಸಕ್ಕೆ ಸೇರಿದ ಮೊದಲ ವಾರ ಬರೆದುಕೊಟ್ಟದ್ದು. ಕನ್ನಡದಲ್ಲೂ ಬರೆಯಬೇಕೆಂದು ಮಾದಪ್ಪನ ಶಿಷ್ಯನಿಗೆ ಹೊಳೆದಿರಲಿಲ್ಲ.

ಕೊಯಮತ್ತೂರಿನಿಂದ ಅಧಿಕಾರಿಯೊಬ್ಬರು ಬಂದು ವಿಚಾರಣೆಗೆ ಕೂತರು. ಅವರಿಗೆ ಕನ್ನಡ ಬಾರದು, ಆದ್ದರಿಂದ ಒಬ್ಬ ದುಭಾಷಿಯನ್ನು ಜೊತೆಗೆ ಕರೆತಂದಿದ್ದರು. ರಾಚಮ್ಮನಿಗೆ ವಕೀಲರಿರಲಿಲ್ಲ. ಅಣ್ಣನೊಬ್ಬ ಬಾಗಿಲ ಬಳಿ ನಿಂತಿದ್ದ. ನನ್ನ ಪಕ್ಕದಲ್ಲಿ ನಮ್ಮ ಮ್ಯಾನೇಜರು.

ಏನಾಯಿತೆಂದು ಕೇಳಿದಾಗ ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು, ನೆಲ ನೋಡುತ್ತ, ಗಂಟಲಲ್ಲೇ ಹೇಳಿದಳು: "ಮೇಸ್ತ್ರಿ ಬಂದ್ರು. ಆಕ್ಬೇಕಂದ್ರು, ಆಕ್ದೆ."

ದುಭಾಷಿ ಒಂದು ಕ್ಷಣ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದ: "ಮೇಸ್ತ್ರಿ ಅಲ್ಲಿಗೆ ಬಂದಿದ್ದರು. ಹಾಕಬೇಕೆಂದೇ ಕೈ ಹಾಕಿದೆ ಎನ್ನುತ್ತಾಳೆ."

ಅಧಿಕಾರಿ ಬರೆದುಕೊಳ್ಳತೊಡಗಿದರು. ಮ್ಯಾನೇಜರು ಮೇಜಿನ ಕೆಳಗೆ ನನ್ನ ಮಂಡಿಯನ್ನು ಮೆಲ್ಲಗೆ ತಟ್ಟಿದರು. ಕೇಸು ಮುಗಿದಿತ್ತು. ಹಾಕಬೇಕು ಅಂದರು, ಹಾಕಿದೆ ಎಂದು ಅವಳು ಹೇಳಿದ್ದು. ಹಾಕಬೇಕು ಅಂತ ಹಾಕಿದೆ ಎಂದು ಕಾಗದದ ಮೇಲೆ ಇಳಿಯುತ್ತಿದ್ದದ್ದು. ದುಭಾಷಿ ಕೆಟ್ಟವನಲ್ಲ. ಅವನ ಕಿವಿಗೆ ಹಾಗೆ ಬಿತ್ತು. ಹಾಗೆ ಬೀಳುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಆ ಕೋಣೆಯಲ್ಲಿ ಅವಳ ಕನ್ನಡವೂ ಅವರ ಇಂಗ್ಲಿಷೂ ತಿಳಿದಿದ್ದವನು ನಾನೊಬ್ಬನೇ. ಸುಮ್ಮನಿರುವುದು ಸುಲಭ. ಸುಮ್ಮನಿರುವುದಕ್ಕೇ ನನಗೆ ಸಂಬಳ. ಮಗಳ ಹಾಸ್ಟೆಲು ನೆನಪಾಯಿತು. ಹುಣಸೆಮರದ ಕೆಳಗಿನ ಮಲ್ಲಪ್ಪ ನೆನಪಾದ. ಎದ್ದುನಿಂತೆ.

"ಸ್ವಾಮಿ, ಸಾಕ್ಷಿ ಹೇಳಿದ್ದು ಅದಲ್ಲ."

ಅಧಿಕಾರಿ ಪೆನ್ನು ನಿಲ್ಲಿಸಿದರು. "ನೀವು ಕಂಪನಿಯ ಪರ ಅಲ್ಲವೇ?"

"ಹೌದು. ಕಂಪನಿಯ ವಾದವನ್ನು ಆಮೇಲೆ ಮಾಡುತ್ತೇನೆ. ಮೊದಲು ಆಕೆಯ ಮಾತು ಆಕೆ ಹೇಳಿದಂತೆ ದಾಖಲಾಗಲಿ."

ಅನುಮತಿ ಕೊಟ್ಟರು. ನಾನು ಅವಳ ಕಡೆ ತಿರುಗಿ, "ರಾಚಮ್ಮ, ಮೇಸ್ತ್ರಿ ಏನಂದ್ರು? ನಿಧಾನಕ್ಕೆ ಯೋಳಮ್ಮ" ಎಂದೆ.

ಅವಳು ತಲೆಯೆತ್ತಿದಳು. ಕರಿಕೋಟಿನೊಳಗಿಂದ ತಮ್ಮೂರಿನ ಮಾತು ಬಂದದ್ದು ಅವಳಿಗೆ ಆಶ್ಚರ್ಯವಾಗಿರಬೇಕು. ಈ ಸಲ ಗಟ್ಟಿಯಾಗಿ ಹೇಳಿದಳು. "ಆವಿ ನಿಲ್ಸಿ ಅಂದೆ ಸಾ. ಒತ್ತಾಯ್ತದೆ, ಅಂಗೇ ಕೈ ಆಕು, ಆಕ್ಲೇಬೇಕು ಅಂದ್ರು. ಅವ್ರು ಅಂದ್ರು, ನಾ ಆಕ್ದೆ. ಬೇಕೂ ಅಂತ ಯಾರಾರ ಕುದಿಯೋ ನೀರ್ಗೆ ಕೈ ಆಕಾರಾ?"

ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ದುಭಾಷಿಯೂ ತಲೆಯಾಡಿಸಿ, ಹೌದು, ತಾನು ತಪ್ಪಾಗಿ ಕೇಳಿಸಿಕೊಂಡೆನೆಂದ. ಅಷ್ಟು ದೊಡ್ಡ ಮಾತನ್ನು ಅಷ್ಟು ಸಲೀಸಾಗಿ ಆಡಿದ ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಕಂಪನಿಯ ಪರವಾಗಿ ಹೇಳಬಹುದಾದ್ದನ್ನೆಲ್ಲ ಹೇಳಿದೆ, ಒಂದನ್ನೂ ಬಿಡದೆ. ಬೋರ್ಡು ಯಾವ ಭಾಷೆಯಲ್ಲಿದೆಯೆಂದು ಅಧಿಕಾರಿ ಕೇಳಿದರು. ಅದನ್ನೂ ಹೇಳಿದೆ.

ಹೊರಗೆ ಬಂದಾಗ ರಾಚಮ್ಮ ಅಣ್ಣನ ಜೊತೆ ಮೆಟ್ಟಿಲ ಬಳಿ ನಿಂತಿದ್ದಳು.

"ಸಾ, ನೀವು ಅವ್ರ ಕಡೆ ಲಾಯರಲ್ವಾ? ಯಾಕ್ ಯೋಳುದ್ರಿ?"

"ನೀನು ಯೋಳಿದ್ದು ಅದೇ ತಾನೆ?"

"ಊಂ ಸಾ, ಅದೇಯ."

"ಅದಕ್ಕೇ ಯೋಳ್ದೆ."

ಅವಳಿಗೆ ಅದು ಸಾಕಾಯಿತೋ ಇಲ್ಲವೋ ಗೊತ್ತಿಲ್ಲ. ಮುಂದಿನ ತಿಂಗಳು ಪರಿಹಾರ ಕೊಡಬೇಕೆಂದು ಆದೇಶ ಬಂತು, ಕಂಪನಿ ಕೊಟ್ಟಿತು. ಆ ಹಣದಲ್ಲಿ ಅವಳು ಅಗರದಲ್ಲಿ ಎರಡು ಎಮ್ಮೆ ಕಟ್ಟಿದಳೆಂದು ಕೇಳಿದೆ.

ಆದೇಶ ಬಂದ ದಿನವೇ ಮ್ಯಾನೇಜರು ನನ್ನನ್ನು ಕರೆಸಿದರು. ಅವರು ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ನಿಮಗೆ ಸಂಬಳ ಕೊಡುವುದು ನಿಮ್ಮ ಕಾನೂನಿಗೆ. ನಿಮ್ಮ ಕನ್ನಡವನ್ನು ಅಲ್ಲಿ ಯಾರು ಕೇಳಿದ್ದರು?" ಎಂದರು.

"ನನ್ನ ಕನ್ನಡಕ್ಕೆ ಇದುವರೆಗೆ ಯಾರೂ ಸಂಬಳ ಕೊಟ್ಟಿಲ್ಲ ಸಾರ್," ಎಂದೆ. "ಅದೊಂದು ನನ್ನ ಸ್ವಂತದ್ದು."

ಇಂಥ ಮಾತು ಸಾಮಾನ್ಯವಾಗಿ ನನಗೆ ಮನೆಗೆ ಬಂದು ಊಟಕ್ಕೆ ಕೂತಮೇಲೆ ಹೊಳೆಯುತ್ತದೆ. ಅಂದು ಸರಿಯಾದ ಹೊತ್ತಿಗೆ ಬಂತು. ಅವರು ಕೆಲಸದಿಂದ ತೆಗೆಯುವ ಕಾಗದ ಬರೆಯುವ ಮೊದಲೇ ನಾನು ರಾಜೀನಾಮೆ ಬರೆದುಕೊಟ್ಟೆ. ಕೊನೆಯ ದಿನ ಬಣ್ಣದವನನ್ನು ಕರೆಸಿ, ಗೋಡೆಯ ಬೋರ್ಡಿನಲ್ಲಿ ತಮಿಳಿನ ಕೆಳಗೆ ಕನ್ನಡದಲ್ಲೂ ಬರೆಸಿದೆ. ಮ್ಯಾನೇಜರು ದೂರದಿಂದ ನೋಡಿದರು, ಬೇಡವೆನ್ನಲಿಲ್ಲ.

ಮನೆಯಲ್ಲಿ ಕಮಲಾಗೆ ಎಲ್ಲವನ್ನೂ ಹೇಳಿದೆ. ಹಾಸ್ಟೆಲಿನ ವಿಷಯ ಎತ್ತುತ್ತಾಳೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು:

"ಹಾಗಾದರೆ ನಾಳೆಯಿಂದ ಜನ ಮನೆಗೇ ಬರುತ್ತಾರೆ?"

"ಬಂದರೆ."

"ಬರುತ್ತಾರೆ. ಜಗಲಿಗೆ ಎರಡು ಚಾಪೆ ಬೇಕು."

ಸಂತೆಯಿಂದ ಚಾಪೆ ತಂದಳು. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ವಿಳಾಸ ತಪ್ಪಿದ ಒಬ್ಬ ದಾರಿ ಕೇಳಿಕೊಂಡು ಹೋದ. ನಾನು ಕೋಟು ಹಾಕಿಕೊಂಡು ಪೇಪರನ್ನು ಮೂರು ಸಲ ಓದಿದೆ. ಮೂರನೆಯ ದಿನ ಬೆಳಗ್ಗೆ ಸತ್ತೇಗಾಲದಿಂದ ಗಂಡ ಹೆಂಡತಿ ಇಬ್ಬರು, ಪತ್ರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಚಾಪೆಯ ಮೇಲೆ ಕೂತರು. ಕೂತವರೇ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು, ಒಬ್ಬರಿಗಿಂತ ಒಬ್ಬರು ಜೋರಾಗಿ. ನಾನು ಪೆನ್ನು ಕೆಳಗಿಟ್ಟು, ಅವರೆದುರು ನೆಲದ ಮೇಲೆ ಕೂತು, ಇಬ್ಬರ ಮಾತೂ ಮುಗಿಯುವವರೆಗೆ ಕೇಳಿದೆ.